ಮಿಲ್ಲಿನ ಕಡೆ ತಿರುಗಿದ ಹಲಗೆ

ನೀರಿಗೆ ಹೋಲಿಸಬೇಡಿ ಎಂದು ನಾನು ಮೊದಲೇ ಹೇಳಿದ್ದೆ. ಶಿಕಾರಿಪುರದಿಂದ ಆನವಟ್ಟಿಗೆ ಹೋಗುವ ಜೀಪಿನಲ್ಲಿ, ತೊಗರ್ಸಿ ದಾಟುವ ಹೊತ್ತಿಗೆ, ನಮ್ಮ ಸಾಹೇಬರು ಹಳ್ಳಿಯವರ ಮುಂದೆ ಮಾಡಬೇಕಾದ ಭಾಷಣವನ್ನು ನನ್ನೆದುರು ಒಪ್ಪಿಸಿ ನೋಡಿದರು. ಅದರಲ್ಲಿ ಕೆರೆ ಬಂತು, ತೂಬು ಬಂತು, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯೂ ಬಂದ. ಬೇಡ ಸರ್, ಇಲ್ಲಿ ನೀರು ಎಂದರೆ ಉದಾಹರಣೆಯಲ್ಲ, ವ್ಯಾಜ್ಯ ಎಂದೆ. ಅವರು ನಕ್ಕರು. ಆ ನೆಲದಲ್ಲಿ ಹುಟ್ಟಿ ಬೆಳೆದವಳು ನಾನು. ಆದರೆ ಹಳ್ಳಿಯವರಿಗೆ ಹೇಗೆ ತಿಳಿಸಿ ಹೇಳಬೇಕು ಎಂಬುದು ಮಾತ್ರ ನಗರದಿಂದ ಬಂದ ಅವರಿಗೇ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷಗಳಾದ ಮೇಲೂ ಆ ನಗು ನೆನಪಾದರೆ ನನ್ನ ಮೈಯೆಲ್ಲ ಉರಿಯುತ್ತದೆ.

ಅದು ತೊಂಬತ್ತರ ದಶಕದ ಕೊನೆಯ ಭಾಗ. ತಂತಿಯಿಲ್ಲದೆ ಹಳ್ಳಿಗಳಿಗೆ ಟೆಲಿಫೋನ್ ಕೊಡುವ ಯೋಜನೆಗಳಿಗೆ ಆಗ ದೊಡ್ಡ ಮರ್ಯಾದೆ. ನಾನು ನಗರದಲ್ಲಿ ಈ ಸಾಹೇಬರು ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ ಆಂಟೆನಾ ವಿನ್ಯಾಸ ಮಾಡುವ ಎಂಜಿನಿಯರ್. ಆಂಟೆನಾ ಎಂದರೆ ಜನ ಮನೆ ಮೇಲಿನ ಟೀವಿ ಕಡ್ಡಿಗಳನ್ನೇ ನೆನೆಯುತ್ತಿದ್ದರು. ನಮ್ಮದು ಹಾಗಿರಲಿಲ್ಲ. ಅದೊಂದು ಉದ್ದನೆಯ ಹಲಗೆ. ತಾಮ್ರ ಹೊದಿಸಿದ ಹಾಳೆಯ ಮೇಲೆ ಬಿಸ್ಕತ್ತಿನ ಗಾತ್ರದ ಚೌಕಗಳನ್ನು ಮಾತ್ರ ಉಳಿಸಿಕೊಂಡು, ಬೇಡದ ತಾಮ್ರವನ್ನು ಕಂದು ದ್ರಾವಣದಲ್ಲಿ ಕರಗಿಸಿ ತೆಗೆಯುತ್ತಿದ್ದೆವು. ಆ ದ್ರಾವಣದ ಕಲೆ ಬೆರಳಿಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಊರಿಗೆ ಬಂದಾಗಲೆಲ್ಲ ಅವ್ವ ನನ್ನ ಕೈ ನೋಡಿ, ಇಷ್ಟು ಓದಿಸಿದ್ದು ಅಡಿಕೆ ಸುಲಿಯೋದಕ್ಕಾ ಎಂದು ಕೇಳುತ್ತಿದ್ದಳು.

ಒಂದೇ ಚೌಕವಿದ್ದರೆ ಅದರ ಸಂಕೇತ ಎಲ್ಲ ಕಡೆಗೂ ಚೆಲ್ಲಿಹೋಗುತ್ತದೆ. ಎಂಟು ಚೌಕಗಳು ಸಾಲಾಗಿ ಕೂತು ಒಟ್ಟಿಗೆ ಕೆಲಸ ಮಾಡಿದರೆ ಸಂಕೇತ ಒಂದೇ ದಿಕ್ಕಿಗೆ ಕೂಡಿಕೊಂಡು ಬಲವಾಗಿ ಹೋಗುತ್ತದೆ. ಅದನ್ನು ನಾವು ಬೀಮು ಎನ್ನುತ್ತಿದ್ದೆವು. ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರು ಒಬ್ಬರಿಗಿಂತ ಒಬ್ಬರು ಚೂರು ಚೂರು ಹಿಂದೆ ಬಿದ್ದರೆ ಇಡೀ ಸಾಲೇ ಓರೆಯಾಗುತ್ತದಲ್ಲ, ಹಾಗೆಯೇ ಪ್ರತಿ ಚೌಕಕ್ಕೂ ಸಂಕೇತ ಪಕ್ಕದ್ದಕ್ಕಿಂತ ಚೂರು ತಡವಾಗಿ ತಲುಪುವಂತೆ ಮಾಡಿದರೆ ಬೀಮು ಓರೆಯಾಗಿ ಬೇರೆ ಕಡೆ ನೋಡುತ್ತದೆ. ಬೀಮು ನೋಡಿದ ಕಡೆಯ ಮಾತು ಮಾತ್ರ ಹಲಗೆಗೆ ಕೇಳುತ್ತದೆ. ಹಲಗೆ ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೆ ಮೋಟಾರಿಲ್ಲ, ಗಾಲಿಯಿಲ್ಲ. ಒಳಗಿರುವ ಪುಟ್ಟ ಡಯೋಡುಗಳು ಸಂಕೇತಕ್ಕೆ ಗಿಡ್ಡ ದಾರಿಯನ್ನೋ ಉದ್ದ ದಾರಿಯನ್ನೋ ತೆರೆಯುತ್ತವೆ. ಈ ದಾರಿಗಳನ್ನು ಸರಿಮಾಡುವುದರಲ್ಲೇ ನನ್ನ ಬೇಸಿಗೆಗಳು ಕಳೆದವು. ಒಮ್ಮೆ ತರಿಸಿದ ತಾಮ್ರದ ಹಾಳೆಯಂತೆ ಮುಂದಿನ ಸಲದ್ದು ಇರುತ್ತಿರಲಿಲ್ಲ. ನನ್ನ ಲೆಕ್ಕ ಒಂದು ಕಡೆ ತೋರಿಸಿದರೆ ಬೀಮು ಇನ್ನೊಂದು ಕಡೆ ಹೋಗುತ್ತಿತ್ತು. ಬಿಸಿಲೇರಿದರಂತೂ ಹಟ ಹಿಡಿಯುತ್ತಿತ್ತು. ಬ್ಲೇಡಿನಿಂದ ತಾಮ್ರ ಕೆರೆದು, ಕೆರೆದದ್ದು ಹೆಚ್ಚಾದರೆ ತಾಮ್ರದ ಪಟ್ಟಿ ಅಂಟಿಸಿ, ಮತ್ತೆ ಅಳೆದು, ಮತ್ತೆ ಬೈದು, ಕೊನೆಗೆ ಅದು ನಾನು ಹೇಳಿದ ಕಡೆಗೆ ನೋಡಿದ ದಿನ ಲ್ಯಾಬಿನ ತಾರಸಿಯ ಮೇಲೆ ಒಬ್ಬಳೇ ನಿಂತು ಹುಚ್ಚಿಯ ಹಾಗೆ ನಕ್ಕಿದ್ದೆ.

ಶಿಕಾರಿಪುರದ ಪೇಟೆಯಲ್ಲಿ ಅಪ್ಪಾಜಿಯದು ಕಬ್ಬಿಣದ ಸಾಮಾನಿನ ಅಂಗಡಿ. ಹಲಗೆ ಬಿಗಿಯುವ ಬೋಲ್ಟು, ಕ್ಲಾಂಪು ಎಲ್ಲ ಅಲ್ಲಿಂದಲೇ ಹೋದವು. ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಅಪ್ಪಾಜಿ, ತಿರುಗೋದು ಕಣ್ಣಿಗೆ ಕಾಣದಿದ್ದರೆ ನಮ್ಮ ಕಡೆ ಜನ ನಂಬುವುದಿಲ್ಲ, ಮೇಲೊಂದು ಹಳೆ ಫ್ಯಾನಿನ ರೆಕ್ಕೆ ಸಿಕ್ಕಿಸಿಬಿಡು ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ಹಲಗೆಯನ್ನು ಏರಿಸಿದ್ದು ಆನವಟ್ಟಿಯ ಒಂದು ಎತ್ತರದ ನೀರಿನ ಟ್ಯಾಂಕಿನ ಮೇಲೆ. ಅಲ್ಲಿಂದ ಅದು ಮೂರು ಕಡೆ ನೋಡಬೇಕಿತ್ತು. ಒಂದು, ಆನವಟ್ಟಿಗೆ ಅಂಟಿಕೊಂಡಂತಿದ್ದ ಊರು. ಅಲ್ಲೊಂದು ಅಕ್ಕಿ ಮಿಲ್ಲಿತ್ತು, ಫೋನನ್ನೂ ಮಿಲ್ಲಿನಲ್ಲೇ ಇಟ್ಟಿದ್ದರು. ಎರಡನೆಯದು ಕುಬಟೂರು. ಮೂರನೆಯದು ಎಲ್ಲಕ್ಕಿಂತ ದೂರದ, ಕಾಡಂಚಿನ ಸಣ್ಣ ಹಳ್ಳಿ. ಅಲ್ಲಿಗೆ ಬಸ್ಸೂ ಸರಿಯಾಗಿ ಹೋಗುತ್ತಿರಲಿಲ್ಲ. ಅಲ್ಲಿಯ ಫೋನು ಸರ್ಕಾರಿ ನರ್ಸಮ್ಮನ ಕ್ವಾರ್ಟರ್ಸಿನ ಕಿಟಕಿ ಕಟ್ಟೆಯ ಮೇಲೆ, ಯಾರು ಬೇಕಾದರೂ ಕೈಹಾಕಿ ಎತ್ತಿಕೊಳ್ಳುವ ಹಾಗೆ ಕೂತಿತು. ಬೀಮು ಈ ಮೂರೂ ಊರುಗಳ ನಡುವೆ ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಸಲ ಓಡಾಡಿ ಬರುತ್ತಿತ್ತು. ಮೂವರೂ ಏಕಕಾಲಕ್ಕೆ ಮಾತಾಡಿದರೂ ಒಬ್ಬರ ಮಾತಿನಿಂದ ಇನ್ನೊಬ್ಬರಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ. ನನ್ನ ಕೆಲಸದ ಜೀವಾಳವೇ ಅದು.

ಸಾಹೇಬರು ಮಿಲ್ಲಿನ ಊರಿನ ಗುಡಿಕಟ್ಟೆಯ ಮೇಲೆ ನಿಂತು ಹೇಳಿದ್ದೇ ಬೇರೆ. ಟ್ಯಾಂಕಿನ ಮೇಲಿರುವುದು ಒಂದು ಕೆರೆ ಎಂದುಕೊಳ್ಳಿ, ಈ ಹಲಗೆ ನೀರುಗಂಟಿಯಿದ್ದ ಹಾಗೆ, ಒಂದೊಂದೇ ಊರಿಗೆ ಪಾಳಿಯ ಮೇಲೆ ನೀರು ಬಿಡುತ್ತದೆ ಎಂದರು. ಮೂರು ಊರಿನವರೂ ತಲೆಯಾಡಿಸಿದರು. ಎಲ್ಲರಿಗಿಂತ ಹೆಚ್ಚು ತಲೆಯಾಡಿಸಿದವನು ಮಿಲ್ಲಿನ ಸಾವ್ಕಾರ.

ನಮ್ಮ ಕಡೆ ಕೆರೆ ಕೆಳಗಿನ ಗದ್ದೆಗಳಿಗೆ ಎಲ್ಲೂ ಬರೆದಿಡದ ಒಂದು ಕಾನೂನಿದೆ. ತೂಬಿಗೆ ಹತ್ತಿರದ ಗದ್ದೆಗೆ ಮೊದಲ ನೀರು, ಕೊನೆಯ ಗದ್ದೆಗೆ ಉಳಿದದ್ದು. ನೀರು ಕಮ್ಮಿಯಾದ ವರ್ಷ ಮೇಲಿನವನು ಮಣ್ಣಿನ ಹೆಂಟೆ ಇಟ್ಟು ಕಾಲುವೆ ಕಟ್ಟಿದರೂ ಅವನನ್ನು ಯಾರೂ ಏನೂ ಅನ್ನುವುದಿಲ್ಲ. ಕೆಳಗಿನವನು ಆ ಹೆಂಟೆ ಎತ್ತಿದರೆ ಅವನು ಕಳ್ಳ. ಸಾಹೇಬರು ಭಾಷಣ ಮುಗಿಸಿ ಹಾರ ಹಾಕಿಸಿಕೊಳ್ಳುವ ಹೊತ್ತಿಗೆ ಸಾವ್ಕಾರ ಲೆಕ್ಕ ಹಾಕಿ ಮುಗಿಸಿದ್ದ. ಟ್ಯಾಂಕಿಗೆ ಹತ್ತಿರದ ಊರು ಅವನದು. ಹಾಗಾಗಿ ತೂಬಿನ ಬಾಯಿಯಲ್ಲಿ ಕೂತವನು ಅವನೇ.

ಮೊದಲ ಕೆಲವು ತಿಂಗಳು ನನ್ನ ಹಲಗೆ ಬಂಗಾರದಂತೆ ಕೆಲಸ ಮಾಡಿತು. ಕಾಡಂಚಿನ ಹಳ್ಳಿಯ ನರ್ಸಮ್ಮ ಅದನ್ನು ಬಳಸಿದಷ್ಟು ಬೇರೆ ಯಾರೂ ಬಳಸಲಿಲ್ಲ. ಮುಂಚೆ ಅಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಗಾಡಿ ಕಟ್ಟಿ ನೇರ ಆನವಟ್ಟಿ ದಾರಿ ಹಿಡಿಯುತ್ತಿದ್ದರು. ಫೋನು ಬಂದ ಮೇಲೆ ಜನ ಮೊದಲು ಕ್ವಾರ್ಟರ್ಸಿಗೆ ಬರುವುದನ್ನು ಕಲಿತರು. ಅದು ಮಂಗನ ಕಾಯಿಲೆಯ ಕಾಡು; ಮಂಗ ಸತ್ತು ಬಿದ್ದದ್ದು ಕಂಡರೆ ಬಂದು ಹೇಳುತ್ತಿದ್ದರು. ಕಾಡಿಗೆ ಸೌದೆಗೆ ಹೋದವರಿಗೆ ಜ್ವರ ಬಂದರೆ ಬಂದು ಹೇಳುತ್ತಿದ್ದರು. ನರ್ಸಮ್ಮ ಎತ್ತಿ ಮಾತಾಡಿದರೆ ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಜೀಪು ಧೂಳೆಬ್ಬಿಸಿಕೊಂಡು ಬರುತ್ತಿತ್ತು. ನಾನು ಹೋದಾಗ ಅವರು ಅವಲಕ್ಕಿ ಕಲಸಿ ಕೊಟ್ಟು, ನಿಮ್ಮ ಹಲಗೆಗೆ ದೃಷ್ಟಿ ತೆಗೀಬೇಕು ಎಂದು ತಮಾಷೆ ಮಾಡುತ್ತಿದ್ದರು.

ಮಿಲ್ಲಿನ ಫೋನಿನಲ್ಲಿ ಮಾತ್ರ ಗರಗರ ಸದ್ದು ಬರತೊಡಗಿತು. ಕಾರಣ ಹುಡುಕಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಭತ್ತದ ಯಂತ್ರದ ಹಳೆಯ ಮೋಟಾರು ಕಿಡಿ ಹಾರಿಸುತ್ತಿತ್ತು. ಅದು ಓಡಿದಾಗ ಗರಗರ, ನಿಂತಾಗ ಫೋನು ಸ್ವಚ್ಛ. ಸಾವ್ಕಾರನ ಕಿವಿಗೇ ರಿಸೀವರ್ ಹಿಡಿಸಿ, ಮೋಟಾರನ್ನು ನಿಲ್ಲಿಸಿ, ಓಡಿಸಿ, ಮತ್ತೆ ನಿಲ್ಲಿಸಿ ತೋರಿಸಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು ರಿಸೀವರ್ ಕೆಳಗಿಟ್ಟ.

“ಅದೆಲ್ಲ ನಂಗೊತ್ತಿಲ್ರೀ ಮೇಡಮ್ಮಾರೆ. ತೂಬಿನ ಬಾಯಾಗೆ ಇರೋದು ನಮ್ಮೂರು. ಕೊನೀ ಗದ್ದಿಯೋರಿಗೆ ಕುಡಿಸಿ ಉಳಿದದ್ದು ನಮಗ ಬಿಡ್ತೀರೇನು?”

ಇದು ನೀರಲ್ಲ, ಕುಡಿದರೆ ಖಾಲಿಯಾಗುವುದಿಲ್ಲ ಎಂದೆ. ನಿಮ್ಮ ಸಾಹೇಬ್ರೇ ಕಟ್ಟೆ ಮೇಲೆ ನಿಂತು ಹೇಳ್ಯಾರ, ನೀವು ಅವರಿಗಿಂತ ದೊಡ್ಡೋರೇನು ಎಂದ. 

ಅಷ್ಟರಲ್ಲಿ ನಮ್ಮ ಯೋಜನೆ ನೋಡಲು ದೂರದಿಂದ ಅತಿಥಿಗಳು ಬರುವುದು ಗೊತ್ತಾಯಿತು. ಕಾರ್ಯಕ್ರಮಕ್ಕೆ ಮಿಲ್ಲಿನ ಅಂಗಳ, ಊಟ, ವಾಹನ ಎಲ್ಲ ಸಾವ್ಕಾರನದು. ಅವನ ಬೇಡಿಕೆ ಒಂದೇ: ಬೀಮು ತನ್ನೂರನ್ನು ಬಿಟ್ಟು ಬೇರೆಲ್ಲೂ ಹೋಗಬಾರದು. ಸಾಹೇಬರು ನನ್ನನ್ನು ಕರೆದು, ಒಂದು ವಾರದ ಮಟ್ಟಿಗೆ ಮಿಲ್ಲಿನ ಕಡೆಗೇ ನಿಲ್ಲಿಸಿಬಿಡಿ ಎಂದರು. ನಾನು ಒಪ್ಪಲಿಲ್ಲ. ಬೀಮು ಮೂರು ಕಡೆ ಓಡಾಡಿದರೂ ಮಿಲ್ಲಿನ ಫೋನಿಗೆ ಕೂದಲೆಳೆಯಷ್ಟೂ ನಷ್ಟವಿಲ್ಲ, ಮೋಟಾರು ನಿಲ್ಲಿಸಿದರೆ ಸಾಕು ಎಂದೆ. ಗೊತ್ತು ಎಂದರು. ಗೊತ್ತು! ಗೊತ್ತಿಲ್ಲದೆ ಮಾಡಿದ್ದರೆ ಇವತ್ತು ಅವರನ್ನು ಕ್ಷಮಿಸುವುದು ಸಾಧ್ಯವಿತ್ತೇನೋ.

ನಾನು ಕೈ ಹಚ್ಚದಿದ್ದಾಗ ಅವರೇ ಟ್ಯಾಂಕು ಹತ್ತಿದರು. ಬೀಮನ್ನು ತಿರುಗಿಸುವ ಸರ್ಕ್ಯೂಟ್ ಕಾರ್ಡನ್ನು ಕಿತ್ತರು, ಡಯೋಡುಗಳ ತಂತಿಗಳನ್ನು ಮಿಲ್ಲಿನ ದಿಕ್ಕಿಗೆ ಕಾಯಂ ಆಗಿ ಬೆಸುಗೆ ಹಾಕಿದರು. ಮೊದಲ ವರ್ಷದ ವಿದ್ಯಾರ್ಥಿಯೂ ನಾಚುವಂಥ ಬೆಸುಗೆ. ಕಾರ್ಡನ್ನು ತಮ್ಮ ಸೂಟ್‌ಕೇಸಿನಲ್ಲಿ ಇಟ್ಟುಕೊಂಡರು. ಅದಿಲ್ಲದೆ ನಾನು ಆ ಬೆಸುಗೆ ಬಿಚ್ಚಿದರೂ ಬೀಮು ಎತ್ತಲೂ ತಿರುಗುವಂತಿರಲಿಲ್ಲ. ಕುಬಟೂರಿನವರು ಸ್ವಲ್ಪ ಗೊಣಗಿ ಸುಮ್ಮನಾದರು. ಅವರಿಗೆ ಆನವಟ್ಟಿ ಹತ್ತಿರ, ಬಸ್ಸಿತ್ತು, ಬೈಕುಗಳಿದ್ದವು. ನರ್ಸಮ್ಮನಿಗೆ ನಾನೇ ಹೋಗಿ ಹೇಳಿದೆ. ಅವರು ಮನೆಮನೆಗೂ ಹೋಗಿ, ಫೋನು ಕೆಟ್ಟಿದೆ, ನಂಬಿಕೊಂಡು ಕೂರಬೇಡಿ ಎಂದು ತಿಳಿಸಿದರು.

ಅತಿಥಿಗಳು ಬಂದರು. ಸಾಹೇಬರು ಟ್ಯಾಂಕಿನತ್ತ ಕೈ ತೋರಿಸಿ, ಈ ಕ್ಷಣದಲ್ಲೇ ಬೀಮು ಮೂರು ಹಳ್ಳಿಗಳ ನಡುವೆ ಓಡಾಡುತ್ತಿದೆ ಎಂದರು. ಎಲ್ಲರೂ ಕತ್ತೆತ್ತಿ ನೋಡಿದರು. ಅಲುಗಾಡದೆ ಕೆಲಸ ಮಾಡುವ ವಸ್ತುವಿನ ಬಗ್ಗೆ ಸುಳ್ಳು ಹೇಳುವುದು ಎಷ್ಟು ಸಲೀಸು ಎಂದು ನನಗೆ ಅವತ್ತು ತಿಳಿಯಿತು. ಬಂದವರು ಹೋದರು, ವಾರವೂ ಕಳೆಯಿತು, ಕಾರ್ಡು ಬರಲಿಲ್ಲ. ಕೇಳಿದರೆ, ಇನ್ನೊಂದು ತಂಡ ಬರುವುದಿದೆ, ಅವರೂ ಬಂದುಹೋಗಲಿ ಎಂಬ ಉತ್ತರ. ನಾನು ನಗರಕ್ಕೆ ಹೋಗಿ ಕೇಳಿದೆ, ಜಗಳ ಮಾಡಿದೆ, ಬರಿಗೈಯಲ್ಲಿ ವಾಪಸು ಬಂದೆ. ಮುಂದೆ ಈ ಹಲಗೆಯ ಬಗ್ಗೆ ಸಾಹೇಬರು ಬರೆದ ಲೇಖನದಲ್ಲಿ ಮೂರು ಕಡೆ ಓರೆಯಾದ ಬೀಮಿನ ಚಂದದ ಚಿತ್ರಗಳಿದ್ದವು. ಅವು ನಾನು ತಾರಸಿಯ ಮೇಲೆ ಅಳೆದು ಬರೆದ ಚಿತ್ರಗಳು. ಆ ಲೇಖನವನ್ನು ನಾನು ಪೂರ್ತಿ ಓದಲಾರದೆ ಹರಿದು ಹಾಕಿದೆ.

ಎರಡನೆಯ ತಂಡ ಬರುವ ಹಿಂದಿನ ವಾರ, ಶಿಕಾರಿಪುರದ ಬಸ್ಸಿನಿಂದ ಆನವಟ್ಟಿಯಲ್ಲಿ ಇಳಿದಾಗ ನರ್ಸಮ್ಮ ನನಗಾಗಿ ಕಾಯುತ್ತಿದ್ದರು.  ನಿಂತಲ್ಲೇ ಎಲ್ಲ ಹೇಳಿದರು. ಅವರು ಪಕ್ಕದ ಊರಿಗೆ ಲಸಿಕೆ ಹಾಕಲು ಹೋಗಿದ್ದ ದಿನ, ಹಳ್ಳಿಯ ಒಬ್ಬ ಅಜ್ಜಿಯ ಸೊಸೆಗೆ ಹೆರಿಗೆ ನೋವು ಶುರುವಾಗಿತ್ತು. ದಿನ ತುಂಬಿರಲಿಲ್ಲ, ಮಗು ಅಡ್ಡ ತಿರುಗಿತ್ತು. ಅಜ್ಜಿಯ ಮಗ ಗಾಡಿ ಕಟ್ಟುತ್ತೇನೆ ಎಂದ. ಗಾಡಿಯ ಕುಲುಕಾಟ ಬೇಡ, ಜೀಪು ಕರೆಸೋಣ ಎಂದಳು ಅಜ್ಜಿ. ಫೋನು ಕೆಟ್ಟ ಸುದ್ದಿ ಅವಳಿಗೂ ಮುಟ್ಟಿತ್ತು. ಆದರೆ ಕರೆಂಟು ಹೋದಾಗೆಲ್ಲ ಕೆಡುತ್ತಿದ್ದ ಫೋನು ತಾನಾಗಿಯೇ ಸರಿಹೋಗುವುದನ್ನೂ ಅವಳು ಕಂಡಿದ್ದಳು. ಕ್ವಾರ್ಟರ್ಸಿಗೆ ಹೋಗಿ, ಕಿಟಕಿಯಲ್ಲಿ ಕೈಹಾಕಿ, ನರ್ಸಮ್ಮ ಮಾಡುತ್ತಿದ್ದ ಹಾಗೆಯೇ ಗುಂಡಿಗಳನ್ನು ಒತ್ತಿ, ಹೇಳಬೇಕಾದದ್ದನ್ನೆಲ್ಲ ಹೇಳಿ, ರಿಸೀವರನ್ನು ಜೋಪಾನವಾಗಿ ಇಟ್ಟು ಬಂದಳು. ಜೀಪಿಗೆ ಹೇಳಿದ್ದೇನೆ ಎಂದು ಮಗನಿಗೆ ತಿಳಿಸಿದಳು. ಎಲ್ಲರೂ ದಾರಿ ಕಾಯುತ್ತ ಕೂತರು. ಹೊತ್ತು ಬಾಗಿದ ಮೇಲೆ ನರ್ಸಮ್ಮ ಬಂದು, ಬೈದು, ಗಾಡಿ ಹೂಡಿಸಿದರು. ಆನವಟ್ಟಿ ಮುಟ್ಟುವಷ್ಟರಲ್ಲಿ ಮಗು ಉಳಿದಿರಲಿಲ್ಲ. ಸೊಸೆ ಹೇಗೋ ಬದುಕಿಕೊಂಡಳು.

ಫೋನೇ ಇಲ್ಲದಿದ್ದರೆ ಅವತ್ತು ಬೆಳಿಗ್ಗೆಯೇ ಗಾಡಿ ಹೂಡಿರುತ್ತಿದ್ದರು ಎಂದರು ನರ್ಸಮ್ಮ. ನನಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಅಲ್ಲಿಯೇ ಒಂದು ಎಸ್‌ಟಿಡಿ ಬೂತಿನಿಂದ ಸಾಹೇಬರಿಗೆ ಫೋನು ಮಾಡಿದೆ. ನಡೆದದ್ದನ್ನು ಹೇಳಿದೆ, ಕಾರ್ಡು ಕಳಿಸಿ ಎಂದು ಕೂಗಿದೆ. ಬೂತಿನವನು ಗಾಜಿನ ಆಚೆಯಿಂದ ನನ್ನನ್ನೇ ನೋಡುತ್ತಿದ್ದ. ಸಾಹೇಬರು ತುಂಬ ಬೇಸರದ ದನಿಯಲ್ಲಿ, ಛೇ, ಹಳ್ಳಿಯವರಿಗೆ ಫೋನು ಬಳಸುವ ತರಬೇತಿ ಕೊಡಬೇಕಿತ್ತು, ಅದನ್ನು ವರದಿಯಲ್ಲಿ ಸೇರಿಸೋಣ ಎಂದರು. ನಾನು ಅವರಿಗೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅವ್ವ ಕೇಳಿದ್ದರೆ ಬಾಯಿಗೆ ಬರೆ ಹಾಕುತ್ತಿದ್ದಳು.

ಅಲ್ಲಿಂದ ನರ್ಸಮ್ಮನ ಜೊತೆ ಹಳ್ಳಿಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಈ ಫೋನು ತಂದೋರು ಇವರೇ ಎಂದು ನರ್ಸಮ್ಮ ಹೇಳಿದಾಗ ನನ್ನನ್ನು ಹತ್ತಿರ ಕೂರಿಸಿಕೊಂಡಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಏನೂ ಸದ್ದು ಬರಲಿಲ್ಲ ಕಣವ್ವ. ಆ ಕಡೇರು ಸುಮ್ನೆ ಕೇಳಿಸ್ಕಂತ ಅದಾರೆ ಅನ್ಕಂಡೆ,” ಎಂದಳು. “ನಾ ಹೇಳಿದ್ದು ಯಾರಿಗೆ ಹೋತು?”

“ಯಾರಿಗೂ ಹೋಗಲಿಲ್ಲ ಅಜ್ಜಿ. ಅಲ್ಲಿ ಕೇಳಿಸ್ಕೊಳ್ಳೋ ಹಲಗೆನ ಮಿಲ್ಲಿನ ಕಡೆಗೆ ಕಟ್ಟಿಹಾಕಿದಾರೆ.”

ಕಟ್ಟಿಹಾಕಿದವರು ಯಾರು ಎಂದು ಕೇಳಿದಳು. ಯಾರು, ಯಾಕೆ ಎಂಬುದನ್ನು ಒಂದೂ ಬಿಡದೆ ಹೇಳಿದೆ. ಅವರು ಮತ್ತೆ ಯಾವಾಗ ಬರುತ್ತಾರೆ ಎಂದಳು. ಅದನ್ನೂ ಹೇಳಿದೆ. ಅವತ್ತು ತನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಎಂದಳು. ಏನು ಮಾಡುತ್ತೀ ಎಂದು ನಾನು ಕೇಳಲಿಲ್ಲ. ಕಲ್ಲು ಬೀರುತ್ತೇನೆ ಎಂದಿದ್ದರೂ ಕರೆದುಕೊಂಡು ಹೋಗುವವಳೇ ನಾನು.

ಆ ದಿನ ಮಿಲ್ಲಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮೇಜಿನ ಮೇಲೆ ಮಡಿಕೆ ಬಿಡಿಸಿದ ಹೊಸ ಬಟ್ಟೆ, ಅದರ ಮೇಲೆ ಫೋನು. ಮಾತು ಎಲ್ಲರಿಗೂ ಕೇಳಲೆಂದು ಅದಕ್ಕೊಂದು ಸ್ಪೀಕರ್ ಜೋಡಿಸಿದ್ದರು. ಅತಿಥಿಗಳಿಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಸಾವ್ಕಾರ ಭತ್ತದ ಯಂತ್ರವನ್ನು ಬೆಳಗಿನಿಂದಲೇ ನಿಲ್ಲಿಸಿದ್ದ. ನಾನು ತೋರಿಸಿಕೊಟ್ಟದ್ದು ಅವನಿಗೆ ಚೆನ್ನಾಗಿಯೇ ಅರ್ಥವಾಗಿತ್ತು! ಅದನ್ನು ಕಂಡು ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ಸಾಹೇಬರು ಬೀಮಿನ ಓಡಾಟದ ಅದೇ ಮಾತುಗಳನ್ನು ಮತ್ತೆ ಹೇಳಿ, ಈಗ ಯಾರಾದರೂ ಹಳ್ಳಿಯವರೇ ಬಂದು ಮಾತಾಡಲಿ ಎಂದು ಆಹ್ವಾನಿಸಿದರು. ಅಜ್ಜಿ ಎದ್ದಳು.

ಸೆರಗು ಹೊದ್ದ ಮುದುಕಿ ಮೇಜಿನ ಹತ್ತಿರ ಬರುವುದನ್ನು ನೋಡಿ ಸಾಹೇಬರ ಮುಖ ಅರಳಿತು. ಒಬ್ಬ ಅತಿಥಿ ಕ್ಯಾಮೆರಾ ತೆಗೆದ. ಅವಳು ಆಸ್ಪತ್ರೆಯ ನಂಬರು ಒತ್ತು ಎಂದಳು, ನಾನು ಒತ್ತಿದೆ. ಸ್ಪೀಕರಿನಿಂದ, ಹಲೋ, ಯಾರ್ರೀ ಎಂಬ ದನಿ ಬಂತು. ಉತ್ತರ ಬಂದದ್ದಕ್ಕೇ ಅಜ್ಜಿ ಬೆಚ್ಚಿದಳು. ಆಮೇಲೆ ಎರಡೂ ಕೈಯಲ್ಲಿ ರಿಸೀವರನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಸೊಸಿಗೆ ಬ್ಯಾನಿ ಶುರುವಾಗೈತಿ. ಕೂಸು ಅಡ್ಡ ಐತಿ. ಲಗೂನ ಜೀಪು ಕಳ್ಸಪ್ಪ.”

ಎಲ್ಲಿಗೆ ಕಳಿಸಬೇಕಜ್ಜಿ ಎಂದು ಆ ಕಡೆಯವರು ಕೇಳಿದರು. ಮಿಲ್ಲಿಗೆ ಎಂದಳು. ರಿಸೀವರನ್ನು ಜೋಪಾನವಾಗಿ ಕೆಳಗಿಟ್ಟು ಅಲ್ಲೇ ಬೆಂಚಿನ ಮೇಲೆ ಕೂತಳು. ಅತಿಥಿಗಳು ಗಾಬರಿಯಿಂದ ಸೊಸೆ ಎಲ್ಲಿ ಎಂದು ವಿಚಾರಿಸಿದರು. ಅವಳು ಗೇಟಿನ ಕಡೆಗೇ ನೋಡುತ್ತಿದ್ದಳು. ಸಾಹೇಬರು ನನ್ನನ್ನು ನೋಡಿದರು, ನಾನೂ ಅವರನ್ನೇ ನೋಡಿದೆ.

ತಟ್ಟೆಯಲ್ಲಿನ ಮಂಡಕ್ಕಿ ಮುಗಿಯುವುದರೊಳಗೆ ಜೀಪು ಬಂದು ಗೇಟಿನಲ್ಲಿ ನಿಂತಿತು. ಸಾಹೇಬರು ತಡೆದುಕೊಳ್ಳಲಾರದೆ, ನೋಡಿದಿರಾ, ಎಷ್ಟು ಬೇಗ ಬಂತು ಎಂದು ಅತಿಥಿಗಳ ಕಡೆ ತಿರುಗಿದರು. ಅತಿಥಿಗಳು ಚಪ್ಪಾಳೆ ತಟ್ಟಿದರು. ಸಾವ್ಕಾರನೂ ತಟ್ಟಿದ. ಜೀಪಿನವನು ಓಡಿಬಂದು, ಹೆರಿಗೆ ಹೆಂಗಸು ಎಲ್ಲಿ ಎಂದು ಎಲ್ಲರ ಮುಖ ನೋಡಿದ. ಅಜ್ಜಿ ಎದ್ದು ಅವನ ಹತ್ತಿರ ಹೋದಳು.

“ಕೂಸನ್ನ ಮಣ್ಣು ಮಾಡಿ ಬಂದೀವಿ ಕಣಪ್ಪ. ಅವತ್ತೂ ಹಿಂಗೇ ಹೇಳಿದ್ದೆ.”

ಅಷ್ಟು ಹೇಳಿ ಅವಳು ಗೇಟು ದಾಟಿ ಬಸ್ ಸ್ಟಾಪಿನ ಕಡೆ ನಡೆದಳು. ಸಾಹೇಬರು ನನ್ನ ಹೆಸರು ಹಿಡಿದು ಕರೆಯುತ್ತಲೇ ಇದ್ದರು, ನಾನು ಅಜ್ಜಿಯ ಹಿಂದೆ ಹೋದೆ.